ಸಂವಿಧಾನದ ಮೊದಲ ಕರಡು ಬರೆದ ಕರಾವಳಿಯ ಬಿ.ಎನ್. ರಾವ್: ಜಡ್ಜ್ ಆಗಿದ್ದೂ ಜಡ್ಜ್‌ಗಳ ಅಧಿಕಾರಕ್ಕೆ ಮಿತಿ ಹಾಕಿದವರ ಕಥೆ

ಜಾಮೀನು ಅರ್ಜಿ ಇರಲಿ, ಅಕ್ರಮ ಬಂಧನದ ದೂರು ಇರಲಿ, ಖಾಸಗಿತನದ ಪ್ರಶ್ನೆ ಇರಲಿ, ದೇಶದ ಯಾವ ಕೋರ್ಟ್‌ನಲ್ಲಾದರೂ ವಕೀಲರ ಬಾಯಲ್ಲಿ ಬರುವ ಹೆಸರು ಸಂವಿಧಾನದ 21ನೇ ವಿಧಿ. ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನದ ಪ್ರಕಾರವಲ್ಲದೆ ಯಾರ ಜೀವವನ್ನೂ, ವೈಯಕ್ತಿಕ ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ ಎನ್ನುವುದು ಅದರ ಸಾರ. ಇಷ್ಟು ಚಿಕ್ಕ ವಿಧಿಯಲ್ಲಿರುವ ಒಂದೇ ಒಂದು ಪದಪುಂಜದ ಅರ್ಥ ಹುಡುಕುವುದಕ್ಕೆ ಸುಪ್ರೀಂ ಕೋರ್ಟ್ 28 ವರ್ಷ ತೆಗೆದುಕೊಂಡಿತು. ಆ ಪದಪುಂಜ ಅಲ್ಲಿಗೆ ಬರಲು ಮುಖ್ಯ ಕಾರಣರಾದವರು ದಕ್ಷಿಣ ಕನ್ನಡದ ಮೂಲದ ಬೆನೆಗಲ್ ನರಸಿಂಗ ರಾವ್.

ಸಂವಿಧಾನ ರಚನಾ ಸಭೆಯ ಸದಸ್ಯರಲ್ಲದಿದ್ದರೂ ಸಭೆಗೆ ಮೊದಲ ಕರಡು ಬರೆದುಕೊಟ್ಟವರು ಅವರು. ಹೈಕೋರ್ಟ್ ನ್ಯಾಯಮೂರ್ತಿಯಾಗಿದ್ದರೂ ನ್ಯಾಯಮೂರ್ತಿಗಳ ಕೈಗೆ ಹೆಚ್ಚು ಅಧಿಕಾರ ಕೊಡಬಾರದು ಎಂದು ನಂಬಿದ್ದರು. ಆ ನಂಬಿಕೆಗೆ ಕಾರಣವೇನು, ಅದರಿಂದ ದೇಶಕ್ಕೆ ಆದ ಲಾಭ ನಷ್ಟಗಳೇನು ಎಂಬುದು ಅವರ ಬದುಕಿನ ಕಥೆಯೂ ಹೌದು, ನಮ್ಮ ಕೋರ್ಟ್‌ಗಳ ಕಥೆಯೂ ಹೌದು.

ಮಂಗಳೂರಿನಿಂದ ಕೇಂಬ್ರಿಜ್‌ಗೆ

ಬಿ.ಎನ್. ರಾವ್ ಹುಟ್ಟಿದ್ದು 1887ರ ಫೆಬ್ರವರಿ 26ರಂದು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದ ಭಾಗವಾಗಿತ್ತು. ತಂದೆ ಬೆನೆಗಲ್ ರಾಘವೇಂದ್ರ ರಾವ್ ವೈದ್ಯರು. ಮನೆಯಲ್ಲಿ ಓದಿಗೆ ಮೊದಲ ಸ್ಥಾನ. ಅದರ ಫಲ ಮುಂದೆ ಇಡೀ ದೇಶಕ್ಕೆ ಕಂಡಿತು. ತಮ್ಮ ಬಿ. ರಾಮ ರಾವ್ 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದರು. ಇನ್ನೊಬ್ಬ ತಮ್ಮ ಬಿ. ಶಿವರಾವ್ ಪತ್ರಕರ್ತರು, ಸಂವಿಧಾನ ರಚನಾ ಸಭೆಯ ಸದಸ್ಯರು.

ನರಸಿಂಗ ರಾವ್ ಓದಿದ್ದು ಮಂಗಳೂರಿನ ಕೆನರಾ ಹೈಸ್ಕೂಲ್‌ನಲ್ಲಿ. ಮೆಟ್ರಿಕ್ಯುಲೇಷನ್‌ನಲ್ಲಿ ಇಡೀ ಮದ್ರಾಸ್ ಪ್ರಾಂತ್ಯಕ್ಕೆ ಮೊದಲಿಗರಾಗಿ ಪಾಸಾದರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಮುಗಿಸಿ, ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹೋದರು. ಅದೇ ಕಾಲೇಜಿನಲ್ಲಿ ಆಗ ಜವಾಹರಲಾಲ್ ನೆಹರೂ ಕೂಡ ಓದುತ್ತಿದ್ದರು. 1909ರಲ್ಲಿ ರಾವ್ ಐಸಿಎಸ್ ಪರೀಕ್ಷೆ ಪಾಸು ಮಾಡಿ ಮರುವರ್ಷ ಭಾರತಕ್ಕೆ ಮರಳಿದರು. ಅವರಿಗೆ ಸಿಕ್ಕ ಪ್ರಾಂತ್ಯ ಬಂಗಾಳ. ಅಲ್ಲಿಂದ ಮುಂದೆ ಅವರ ವೃತ್ತಿಯೆಲ್ಲ ಹುಟ್ಟೂರಿನಿಂದ ದೂರವೇ ನಡೆಯಿತು. ಕೋಲ್ಕತ್ತಾ, ಅಸ್ಸಾಂ, ದೆಹಲಿ, ಶ್ರೀನಗರ, ನ್ಯೂಯಾರ್ಕ್, ಕೊನೆಗೆ ಹೇಗ್.

ಅಸ್ಸಾಂನಲ್ಲಿ ಜಿಲ್ಲಾ ನ್ಯಾಯಾಧೀಶರಾಗಿ ಕೆಲಸ ಮಾಡಿದ ಮೇಲೆ 1925ರಿಂದ ಸುಮಾರು ಎಂಟು ವರ್ಷ ಅಲ್ಲಿನ ಸರ್ಕಾರದ ಶಾಸನ ರಚನೆಯ ಹೊಣೆ ಹೊತ್ತರು. ಕಾನೂನನ್ನು ಓದುವುದು ಬೇರೆ, ಬರೆಯುವುದು ಬೇರೆ. ಒಂದು ಅಲ್ಪವಿರಾಮ ತಪ್ಪಾದರೂ ಯಾರದೋ ಜಮೀನು ಹೋಗುತ್ತದೆ, ಇನ್ಯಾರೋ ಜೈಲಿಗೆ ಹೋಗುತ್ತಾರೆ. ಈ ಸೂಕ್ಷ್ಮ ಕೆಲಸದಲ್ಲಿ ರಾವ್ ಪಳಗಿದ್ದು ಅಸ್ಸಾಂನಲ್ಲಿ. 1935ರ ಭಾರತ ಸರ್ಕಾರ ಕಾಯ್ದೆ ಬಂದಾಗ, ಅದಕ್ಕೆ ಹೊಂದುವಂತೆ ದೇಶದ ಹಳೆಯ ಶಾಸನಗಳನ್ನೆಲ್ಲ ಪರಿಷ್ಕರಿಸುವ ಕೆಲಸವೂ ಅವರ ಹೆಗಲಿಗೇ ಬಿತ್ತು. 1938ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಸರ್ ಪದವಿ ಕೊಟ್ಟಿತು.

ನದಿ ನೀರು, ಹೆಣ್ಣುಮಕ್ಕಳ ಪಾಲು

ಆಮೇಲೆ ರಾವ್ ಕಲ್ಕತ್ತಾ ಹೈಕೋರ್ಟ್ ನ್ಯಾಯಮೂರ್ತಿಯಾದರು. ಆದರೆ ಪೀಠದಲ್ಲಿ ಕೂರುವುದಕ್ಕೇ ಅವರಿಗೆ ಪುರುಸೊತ್ತು ಸಿಗಲಿಲ್ಲ. ಒಂದಾದ ಮೇಲೊಂದರಂತೆ ಕಷ್ಟದ ವಿಚಾರಣೆಗಳಿಗೆ ಸರ್ಕಾರ ಅವರನ್ನೇ ಕರೆಯಿತು. ಅವುಗಳಲ್ಲಿ ಎರಡು ಇಂದಿಗೂ ನೆನಪಿಡುವಂಥವು.

ಮೊದಲನೆಯದು ಸಿಂಧೂ ನದಿ ನೀರಿನ ಜಗಳ. ಮೇಲಿನ ಪಂಜಾಬ್ ಪ್ರಾಂತ್ಯ ಅಣೆಕಟ್ಟು ಕಟ್ಟಿದರೆ ತನ್ನ ಕಾಲುವೆಗಳು ಒಣಗುತ್ತವೆ ಎಂದು ಕೆಳಗಿನ ಸಿಂಧ್ ಪ್ರಾಂತ್ಯ ದೂರಿತ್ತು. 1941ರಲ್ಲಿ ನೇಮಕವಾದ ಆಯೋಗಕ್ಕೆ ರಾವ್ ಅಧ್ಯಕ್ಷರು. ನದಿ ಹುಟ್ಟಿದ ಕಡೆಯವರಿಗೆ ಪೂರ್ತಿ ಹಕ್ಕು ಎಂಬುದನ್ನು ಅವರು ಒಪ್ಪಲಿಲ್ಲ. ನೀರು ಹರಿದು ಹೋಗುವ ಎಲ್ಲ ಪ್ರಾಂತ್ಯಗಳ ಅಗತ್ಯ ನೋಡಿ ನ್ಯಾಯವಾಗಿ ಹಂಚಬೇಕು ಎಂಬ ದಾರಿ ಹಿಡಿದರು. ಕಾವೇರಿ, ಕೃಷ್ಣಾ ವಿವಾದಗಳನ್ನು ದಶಕಗಟ್ಟಲೆ ಕಂಡ ಕನ್ನಡಿಗರಿಗೆ ಈ ಮಾತು ಹೊಸದಲ್ಲ.

ಎರಡನೆಯದು ಹಿಂದೂ ಕಾನೂನು ಸಮಿತಿ. 1941ರಲ್ಲಿ ಶುರುವಾಗಿ 1944ರಲ್ಲಿ ಮತ್ತೆ ರಚನೆಯಾದ ಈ ಸಮಿತಿಯನ್ನು ಜನ ರಾವ್ ಸಮಿತಿ ಎಂದೇ ಕರೆದರು. ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಪಾಲು, ಗಂಡಿಗೂ ಒಂದೇ ಮದುವೆ, ವಿಚ್ಛೇದನಕ್ಕೆ ಅವಕಾಶ ಎಂದು ಸಮಿತಿಯ ಕರಡು ಹೇಳಿತು. ಮಗಳಿಗೆ ಮಗನ ಪಾಲಿನ ಅರ್ಧ ಕೊಡಬೇಕು ಎಂದಿದ್ದಕ್ಕೇ ಗದ್ದಲ ಎದ್ದಿತು. ಸಮಿತಿ ಊರೂರು ಸುತ್ತಿ ಅಭಿಪ್ರಾಯ ಕೇಳುವಾಗ ಕಪ್ಪು ಬಾವುಟಗಳೂ ಕಂಡವು. ಸಮಿತಿಯ ಒಳಗೇ ಭಿನ್ನಮತವಿತ್ತು. ಆ ಕರಡಿನ ಆಧಾರದ ಮೇಲೆ ಕಾನೂನುಗಳು ಬಂದಿದ್ದು 1955 ಮತ್ತು 1956ರಲ್ಲಿ, ರಾವ್ ತೀರಿಕೊಂಡ ನಂತರ.

ಸಮಾಜವನ್ನು ಬದಲಿಸುವ ಕಾನೂನು ತರಲು ಎಷ್ಟು ಕಷ್ಟಪಡಬೇಕು ಎಂಬುದನ್ನು ರಾವ್ ಇಲ್ಲಿ ಹತ್ತಿರದಿಂದ ಕಂಡರು. ಇಷ್ಟೆಲ್ಲ ಹೋರಾಡಿ ಶಾಸನಸಭೆಯಲ್ಲಿ ಪಾಸಾದ ಕಾನೂನನ್ನು ಕೋರ್ಟ್ ಒಂದೇ ತೀರ್ಪಿನಲ್ಲಿ ಹೊಡೆದು ಹಾಕುವಂತಾದರೆ ಏನು ಗತಿ? ಮುಂದೆ ಸಂವಿಧಾನದ ಕೆಲಸಕ್ಕೆ ಕೂತಾಗ ಅವರ ಮುಂದಿದ್ದ ದೊಡ್ಡ ಪ್ರಶ್ನೆ ಇದೇ.

ನಡುವೆ 1944-45ರಲ್ಲಿ ಅವರು ಕಾಶ್ಮೀರ ಸಂಸ್ಥಾನದ ಪ್ರಧಾನಿಯೂ ಆಗಿದ್ದರು. ಮಹಾರಾಜ ಹರಿಸಿಂಗ್ ಜೊತೆ ಅಭಿಪ್ರಾಯಭೇದ ಬಂದಾಗ ಹುದ್ದೆ ಬಿಟ್ಟು ದೆಹಲಿಗೆ ಬಂದರು.

ಸಂಬಳ ಪಡೆಯದ ಸಲಹೆಗಾರ

1946ರ ಜುಲೈನಲ್ಲಿ ರಾವ್ ಸಂವಿಧಾನ ರಚನಾ ಸಭೆಯ ಸಂವಿಧಾನ ಸಲಹೆಗಾರರಾಗಿ ನೇಮಕವಾದರು. ಈ ಕೆಲಸವನ್ನು ಅವರು ಗೌರವಾರ್ಥವಾಗಿ, ಸಂಬಳವಿಲ್ಲದೆ ಮಾಡಿದರು. ಜಗತ್ತಿನ ಬೇರೆ ಬೇರೆ ಸಂವಿಧಾನಗಳಲ್ಲಿ ಯಾವ ವಿಷಯಕ್ಕೆ ಏನು ಬರೆದಿದ್ದಾರೆ, ಅದರಿಂದ ಏನಾಗಿದೆ ಎಂಬುದನ್ನು ಸಂಗ್ರಹಿಸಿ ಸದಸ್ಯರಿಗೆ ಹಂಚಿದರು. ಪಕ್ಕದ ಬರ್ಮಾ ದೇಶದ ಸಂವಿಧಾನ ರಚನೆಗೂ ನೆರವಾದರು.

ಸಭೆಯ ಸಮಿತಿಗಳು ಕೈಗೊಂಡ ತೀರ್ಮಾನಗಳನ್ನೆಲ್ಲ ಜೋಡಿಸಿ 1947ರ ಅಕ್ಟೋಬರ್‌ನಲ್ಲಿ ರಾವ್ ಮೊದಲ ಕರಡು ಸಿದ್ಧಪಡಿಸಿದರು. ಅದರಲ್ಲಿ 243 ವಿಧಿಗಳು, 13 ಅನುಸೂಚಿಗಳಿದ್ದವು. ಡಾ. ಬಿ.ಆರ್. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಎದುರಿಗಿಟ್ಟುಕೊಂಡು ಪ್ರತಿ ಸಾಲನ್ನೂ ಪರಿಶೀಲಿಸಿತು. ಸಮಿತಿ ಸಿದ್ಧಪಡಿಸಿದ ಕರಡಿನಲ್ಲಿ 315 ವಿಧಿಗಳಾದವು. ಸಭೆಯ ಚರ್ಚೆ ಮುಗಿದು ಸಂವಿಧಾನ ಅಂಗೀಕಾರವಾದಾಗ 395 ವಿಧಿಗಳು, 8 ಅನುಸೂಚಿಗಳಿದ್ದವು.

ಸಂವಿಧಾನ ಬರೆದಿದ್ದು ಅಂಬೇಡ್ಕರ್ ಅವರೋ ರಾವ್ ಅವರೋ ಎಂಬ ವಾದ ಸಾಮಾಜಿಕ ಜಾಲತಾಣಗಳಲ್ಲಿ ಆಗಾಗ ನಡೆಯುತ್ತದೆ. ಮೇಲಿನ ಅಂಕಿಗಳೇ ಅದಕ್ಕೆ ಉತ್ತರ. ಮೊದಲ ಕರಡಿಗೂ ಅಂತಿಮ ಸಂವಿಧಾನಕ್ಕೂ ನಡುವೆ ಎರಡು ವರ್ಷದ ಚರ್ಚೆ, ತಿದ್ದುಪಡಿ, ರಾಜಿ, ಜಗಳ ಎಲ್ಲ ಇವೆ. ಅದನ್ನು ಸಭೆಯಲ್ಲಿ ಮುನ್ನಡೆಸಿ, ಪ್ರತಿ ಆಕ್ಷೇಪಕ್ಕೂ ಉತ್ತರ ಕೊಟ್ಟವರು ಅಂಬೇಡ್ಕರ್. ಕೊನೆಯ ಭಾಷಣದಲ್ಲಿ ಅವರೇ ರಾವ್ ಮತ್ತು ಕರಡು ತಜ್ಞ ಎಸ್.ಎನ್. ಮುಖರ್ಜಿ ಅವರ ಪಾಲನ್ನು ಮನಸಾರೆ ನೆನೆದರು. ಅಧ್ಯಕ್ಷ ರಾಜೇಂದ್ರ ಪ್ರಸಾದ್ ಕೂಡ ರಾವ್ ಅವರ ವೇತನರಹಿತ ಸೇವೆಯನ್ನು ಸ್ಮರಿಸಿದರು. ಒಬ್ಬರನ್ನು ಎತ್ತಿಹಿಡಿಯಲು ಇನ್ನೊಬ್ಬರನ್ನು ಕೆಳಗಿಳಿಸುವ ಅಗತ್ಯ ಆ ಇಬ್ಬರಿಗೂ ಬಂದಿರಲಿಲ್ಲ.

ಅಮೆರಿಕ ಕಲಿಸಿದ ಪಾಠ

ಮೂಲಭೂತ ಹಕ್ಕುಗಳ ಸಮಿತಿ 1947ರಲ್ಲಿ ಅಮೆರಿಕದ ಸಂವಿಧಾನದಿಂದ ಒಂದು ಮಾತನ್ನು ತಂದಿತ್ತು. ಅದೇ ಡ್ಯೂ ಪ್ರೊಸೆಸ್ ಆಫ್ ಲಾ. ನ್ಯಾಯಯುತವಾದ ಕಾನೂನು ಪ್ರಕ್ರಿಯೆ ಇಲ್ಲದೆ ಯಾರ ಸ್ವಾತಂತ್ರ್ಯವನ್ನೂ ಕಸಿಯಬಾರದು ಎಂಬುದು ಅದರ ಭಾವ. ಕೇಳಲು ಇದಕ್ಕಿಂತ ಒಳ್ಳೆಯ ಮಾತು ಇನ್ನೊಂದಿಲ್ಲ. ಆದರೆ ನ್ಯಾಯಯುತ ಯಾವುದು ಎಂದು ತೀರ್ಮಾನಿಸುವವರು ಯಾರು? ಕೋರ್ಟ್. ಅಂದರೆ ಕಾನೂನು ಪಾಲನೆಯಾಗಿದೆಯೇ ಎಂದು ನೋಡುವುದರ ಜೊತೆಗೆ, ಕಾನೂನೇ ಸರಿಯಿದೆಯೇ ಎಂದು ಕೇಳುವ ಅಧಿಕಾರವೂ ನ್ಯಾಯಮೂರ್ತಿಗಳಿಗೆ ಸಿಗುತ್ತದೆ.

ಅಮೆರಿಕದಲ್ಲಿ ಆ ಅಧಿಕಾರ ಹೇಗೆ ಬಳಕೆಯಾಗಿತ್ತು ಎಂಬುದು ರಾವ್ ಅವರಿಗೆ ಗೊತ್ತಿತ್ತು. ಬೇಕರಿ ಕಾರ್ಮಿಕರಿಂದ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂಬ ನ್ಯೂಯಾರ್ಕ್ ರಾಜ್ಯದ ಕಾನೂನನ್ನು 1905ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿತ್ತು. ಮಾಲೀಕ, ಕೆಲಸಗಾರ ಇಬ್ಬರಿಗೂ ತಮಗೆ ಬೇಕಾದಂತೆ ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯವಿದೆ ಎಂಬುದು ಅದರ ತರ್ಕ. 1923ರಲ್ಲಿ ಮಹಿಳೆಯರ ಕನಿಷ್ಠ ಕೂಲಿ ಕಾನೂನೂ ಇದೇ ರೀತಿ ಬಿದ್ದುಹೋಯಿತು. 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಕೋರ್ಟ್ ಜೊತೆ ಜಟಾಪಟಿಗೆ ಇಳಿದಿದ್ದ ಹೊತ್ತಿನಲ್ಲೇ ಕೋರ್ಟ್ ದಾರಿ ಬದಲಿಸಿತು. ಬಡವರ ರಕ್ಷಣೆಗೆ ಬಂದ ಕಾನೂನನ್ನು ಸ್ವಾತಂತ್ರ್ಯದ ಹೆಸರಿನಲ್ಲೇ ತಡೆಯಬಹುದು ಎಂಬುದಕ್ಕೆ ಈ ಮೂರು ದಶಕ ಸಾಕ್ಷಿಯಾಗಿತ್ತು.

ಭಾರತದಲ್ಲಿ ಆಗ ಜಮೀನ್ದಾರಿ ರದ್ದತಿ, ಉಳುವವನಿಗೆ ಭೂಮಿ, ಕಾರ್ಮಿಕ ಕಾನೂನು ಎಲ್ಲವೂ ಬಾಗಿಲಲ್ಲಿ ನಿಂತಿದ್ದವು. ಅಮೆರಿಕದ ಅನುಭವ ಇಲ್ಲೂ ಮರುಕಳಿಸಿದರೆ ಸ್ವಾತಂತ್ರ್ಯ ಬಂದೂ ರೈತನಿಗೆ ಏನೂ ಸಿಗುವುದಿಲ್ಲ ಎಂಬ ಆತಂಕ ಕೆಲವು ಸದಸ್ಯರಿಗಿತ್ತು. ಹೀಗಾಗಿ ಆ ವಿಧಿಯಿಂದ ಆಸ್ತಿ ಎಂಬ ಪದವನ್ನು ಮೊದಲೇ ತೆಗೆಯಲಾಗಿತ್ತು.

1947ರ ಕೊನೆಯಲ್ಲಿ ರಾವ್ ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಬ್ರಿಟನ್ ಪ್ರವಾಸ ಮಾಡಿ ಅಲ್ಲಿನ ನ್ಯಾಯಮೂರ್ತಿಗಳು, ರಾಜಕಾರಣಿಗಳನ್ನು ಭೇಟಿಯಾದರು. ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರ ಜೊತೆಗಿನ ಮಾತುಕತೆ ನಿರ್ಣಾಯಕವಾಯಿತು. ಜನರು ಆರಿಸಿದ ಶಾಸನಸಭೆಯ ತೀರ್ಮಾನವನ್ನು ಬೆರಳೆಣಿಕೆಯ ನ್ಯಾಯಮೂರ್ತಿಗಳು ತಳ್ಳಿಹಾಕುವುದು ಪ್ರಜಾಪ್ರಭುತ್ವಕ್ಕೆ ಒಗ್ಗುವುದಿಲ್ಲ, ನ್ಯಾಯಾಂಗಕ್ಕೂ ಅದು ಹೊರಲಾರದ ಹೊರೆ ಎಂಬುದು ಫ್ರಾಂಕ್‌ಫರ್ಟರ್ ನಿಲುವು. ರಾವ್ ಅವರಲ್ಲಿ ಮೊದಲೇ ಇದ್ದ ಅನುಮಾನ ಇದರಿಂದ ಗಟ್ಟಿಯಾಯಿತು.

ಅವರು ದೆಹಲಿಗೆ ಮರಳಿದ ಮೇಲೆ, 1948ರ ಆರಂಭದಲ್ಲಿ, ಕರಡು ಸಮಿತಿ ಆ ಪದಗಳನ್ನು ಬದಲಿಸಿತು. ಸ್ವಾತಂತ್ರ್ಯ ಎಂಬುದರ ಹಿಂದೆ ವೈಯಕ್ತಿಕ ಎಂಬ ವಿಶೇಷಣ ಬಂತು. ಡ್ಯೂ ಪ್ರೊಸೆಸ್ ಜಾಗಕ್ಕೆ, 1946ರ ಜಪಾನ್ ಸಂವಿಧಾನದ ಮಾದರಿಯಲ್ಲಿ, ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ ಎಂಬ ಮಾತು ಬಂತು. ಓದುವವರಿಗೆ ಎರಡೂ ಒಂದೇ ಥರ ಕಾಣಬಹುದು. ಆದರೆ ಮೊದಲನೆಯದರಲ್ಲಿ ಕೋರ್ಟ್ ಕಾನೂನಿನ ನ್ಯಾಯವನ್ನು ತೂಗಬಹುದು. ಎರಡನೆಯದರಲ್ಲಿ, ಶಾಸನಸಭೆ ಒಂದು ಕಾರ್ಯವಿಧಾನವನ್ನು ಬರೆದಿದೆಯೇ, ಸರ್ಕಾರ ಅದರಂತೆ ನಡೆದಿದೆಯೇ ಎಂದಷ್ಟೇ ನೋಡಬಹುದು.

ಸಭೆಯಲ್ಲಿ ಇದು ಸುಲಭವಾಗಿ ಪಾಸಾಗಲಿಲ್ಲ. 1948ರ ಡಿಸೆಂಬರ್‌ನಲ್ಲಿ ಕೆ.ಎಂ. ಮುನ್ಶಿ, ಕಾಜಿ ಸೈಯದ್ ಕರೀಮುದ್ದೀನ್ ಮೊದಲಾದವರು ಹಳೆಯ ಪದಗಳೇ ಬೇಕು ಎಂದು ವಾದಿಸಿದರು. ವಿಚಾರಣೆ ಇಲ್ಲದೆ ಜೈಲಿಗೆ ಹಾಕುವ ಕಾನೂನುಗಳನ್ನು ಬ್ರಿಟಿಷರ ಕಾಲದಲ್ಲಿ ಕಂಡಿದ್ದವರಿಗೆ ಆ ಆತಂಕ ಸಹಜ. ಅಂಬೇಡ್ಕರ್ ಕೂಡ ಇಕ್ಕಟ್ಟಿನಲ್ಲಿದ್ದರು. ಪಕ್ಷದ ಸದಸ್ಯರೇ ತುಂಬಿದ ಶಾಸನಸಭೆ ಹಕ್ಕುಗಳನ್ನು ತುಳಿಯುವ ಅಪಾಯ ಒಂದು ಕಡೆ, ಐದಾರು ನ್ಯಾಯಮೂರ್ತಿಗಳ ಸ್ವಂತ ಒಲವಿಗೆ ದೇಶದ ಕಾನೂನು ಒಳಗಾಗುವ ಅಪಾಯ ಇನ್ನೊಂದು ಕಡೆ ಎಂಬುದನ್ನು ಸಭೆಯ ಮುಂದೆ ತೆರೆದಿಟ್ಟು, ತೀರ್ಮಾನ ಸಭೆಗೇ ಬಿಟ್ಟರು. ಸಭೆ ರಾವ್ ಅವರ ದಾರಿಯನ್ನೇ ಆರಿಸಿತು. ಆದರೆ ಅಸಮಾಧಾನ ಆರಲಿಲ್ಲ. 1949ರ ಸೆಪ್ಟೆಂಬರ್‌ನಲ್ಲಿ ಅಂಬೇಡ್ಕರ್ ಇನ್ನೊಂದು ವಿಧಿ ತಂದರು. ಬಂಧನದ ಕಾರಣ ತಿಳಿಸಬೇಕು, ವಕೀಲರ ನೆರವು ಸಿಗಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು ಎನ್ನುವ ಇಂದಿನ 22ನೇ ವಿಧಿ ಅದೇ.

ಸಭೆ ಒಪ್ಪದ ಸಲಹೆ

ರಾವ್ ಅವರ ಇನ್ನೊಂದು ಸಲಹೆ ಮಾತ್ರ ಅಂಗೀಕಾರವಾಗಲಿಲ್ಲ. ಹಕ್ಕುಗಳನ್ನು ಎರಡು ಗುಂಪು ಮಾಡಬೇಕು ಎಂಬುದು 1946ರಿಂದಲೇ ಅವರ ವಿಚಾರವಾಗಿತ್ತು. ಐರ್ಲೆಂಡ್ ಸಂವಿಧಾನದಿಂದ ಅವರು ಪಡೆದ ಮಾದರಿ ಇದು. ಕೋರ್ಟ್‌ಗೆ ಹೋಗಿ ಕೇಳಬಹುದಾದ ಮೂಲಭೂತ ಹಕ್ಕುಗಳು ಒಂದು ಕಡೆ, ಸರ್ಕಾರ ಪಾಲಿಸಬೇಕಾದ ಆದರೆ ಕೋರ್ಟ್ ಮೂಲಕ ಜಾರಿಗೊಳಿಸಲಾಗದ ನಿರ್ದೇಶಕ ತತ್ವಗಳು ಇನ್ನೊಂದು ಕಡೆ. ಇಷ್ಟನ್ನು ಸಭೆ ಒಪ್ಪಿತು.

ರಾವ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಲು ಬಯಸಿದರು. ನಿರ್ದೇಶಕ ತತ್ವವನ್ನು ಜಾರಿಗೆ ತರಲು ಮಾಡಿದ ಕಾನೂನು ಮೂಲಭೂತ ಹಕ್ಕಿಗೆ ವಿರುದ್ಧವಾಗಿದೆ ಎಂಬ ಕಾರಣಕ್ಕೆ ಬಿದ್ದುಹೋಗಬಾರದು ಎಂಬುದು ಅವರ ಸಲಹೆ. ಒಬ್ಬನ ಹಕ್ಕಿಗೂ ಹಲವರ ಹಿತಕ್ಕೂ ಡಿಕ್ಕಿಯಾದರೆ ಹಲವರ ಹಿತ ಗೆಲ್ಲಬೇಕು ಎಂದು ಅವರು ಬಯಸಿದರು. ಇದು ಸಂವಿಧಾನಕ್ಕೆ ಸೇರಲಿಲ್ಲ.

ರಾವ್ ಹೆದರಿದ್ದು ಬೇಗನೆ ನಿಜವಾಯಿತು. ಸಂವಿಧಾನ ಜಾರಿಯಾಗಿ ವರ್ಷ ಕಳೆಯುತ್ತಿದ್ದಂತೆ, 1951ರ ಮಾರ್ಚ್‌ನಲ್ಲಿ ಬಿಹಾರದ ಜಮೀನ್ದಾರಿ ರದ್ದತಿ ಕಾನೂನನ್ನು ಪಾಟ್ನಾ ಹೈಕೋರ್ಟ್ ಹೊಡೆದು ಹಾಕಿತು. ಏಪ್ರಿಲ್‌ನಲ್ಲಿ ಮದ್ರಾಸ್ ರಾಜ್ಯದ ಕಾಲೇಜು ಸೀಟು ಹಂಚಿಕೆಯ ಸರ್ಕಾರಿ ಆದೇಶವನ್ನು ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿ, ಮೂಲಭೂತ ಹಕ್ಕಿನ ಮುಂದೆ ನಿರ್ದೇಶಕ ತತ್ವ ನಿಲ್ಲುವುದಿಲ್ಲ ಎಂದಿತು. ಜೂನ್‌ನಲ್ಲೇ ನೆಹರೂ ಸರ್ಕಾರ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತರಬೇಕಾಯಿತು.

ಹೇಗ್‌ನವರೆಗೆ

ಅಷ್ಟು ಹೊತ್ತಿಗೆ ರಾವ್ ದೇಶದಲ್ಲಿರಲಿಲ್ಲ. 1949ರಿಂದ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಕಾಯಂ ಪ್ರತಿನಿಧಿ. 1950ರ ಜೂನ್‌ನಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷತೆ ಸರದಿಯಂತೆ ಭಾರತಕ್ಕೆ ಬಂದಿತ್ತು. ಅದೇ ತಿಂಗಳ 25ರಂದು ಕೊರಿಯಾ ಯುದ್ಧ ಶುರುವಾಯಿತು. ತುರ್ತು ಸಭೆಯ ಅಧ್ಯಕ್ಷ ಪೀಠದಲ್ಲಿ ಕೂತವರು ರಾವ್. ವರ್ಷದ ಕೊನೆಗೆ ಕದನವಿರಾಮದ ದಾರಿ ಹುಡುಕಲು ರಚನೆಯಾದ ಮೂವರ ತಂಡದಲ್ಲಿ ಇರಾನ್‌ನ ನಸ್ರೊಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್ ಜೊತೆ ಅವರೂ ಇದ್ದರು.

1952ರ ಫೆಬ್ರವರಿಯಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆದರೆ ಆರೋಗ್ಯ ಕೈಕೊಟ್ಟಿತು. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ನಲ್ಲಿ ತೀರಿಕೊಂಡಾಗ ಅವರಿಗೆ 66 ವರ್ಷ. ಅವರ ಟಿಪ್ಪಣಿ, ಲೇಖನಗಳನ್ನು ತಮ್ಮ ಶಿವರಾವ್ ಮುಂದೆ ಪುಸ್ತಕವಾಗಿ ತಂದರು.

ಆ ಪದಪುಂಜ ಮಾಡಿದ್ದೇನು?

ರಾವ್ ಹೋದ ಮೇಲೂ ಅವರು ಆರಿಸಿದ ಪದಗಳು ಕೋರ್ಟ್‌ಗಳಲ್ಲಿ ಉಳಿದವು. ಮೊದಲ ಪರೀಕ್ಷೆ ಅವರು ಬದುಕಿದ್ದಾಗಲೇ ನಡೆದಿತ್ತು. ಮದ್ರಾಸ್ ರಾಜ್ಯದಲ್ಲಿ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 1950ರ ಮುಂಜಾಗ್ರತಾ ಬಂಧನ ಕಾಯ್ದೆ ನ್ಯಾಯಯುತವಲ್ಲ ಎಂಬುದು ಅವರ ವಾದ. ಆರು ನ್ಯಾಯಮೂರ್ತಿಗಳ ಪೀಠ 1950ರ ಮೇ 19ರಂದು ತೀರ್ಪು ಕೊಟ್ಟಿತು. ಬಂಧನದ ಕಾರಣಗಳನ್ನು ಕೋರ್ಟ್‌ಗೂ ಹೇಳಬಾರದು ಎಂಬ ಒಂದು ಸೆಕ್ಷನ್ ಬಿದ್ದುಹೋಯಿತು. ಆದರೆ 21ನೇ ವಿಧಿಯ ಮಟ್ಟಿಗೆ ಬಹುಮತ ಸರ್ಕಾರದ ಪರ ನಿಂತಿತು. ಶಾಸನಸಭೆ ಮಾಡಿದ ಕಾನೂನು ಇದ್ದರೆ ಸಾಕು, ಅದು ನ್ಯಾಯಯುತವೇ ಎಂದು ಕೇಳುವಂತಿಲ್ಲ. ಸಂವಿಧಾನ ಸಭೆ ಡ್ಯೂ ಪ್ರೊಸೆಸ್ ಎಂಬುದನ್ನು ಬೇಕೆಂದೇ ಬಿಟ್ಟಿತ್ತು ಎಂಬುದೂ ಚರ್ಚೆಗೆ ಬಂತು. ನ್ಯಾ. ಫಜಲ್ ಅಲಿ ಮಾತ್ರ ಭಿನ್ನ ತೀರ್ಪು ಬರೆದರು.

ಈ ಅರ್ಥ ಎಲ್ಲಿಗೆ ಕರೆದೊಯ್ಯಬಹುದು ಎಂಬುದು ತುರ್ತು ಪರಿಸ್ಥಿತಿಯಲ್ಲಿ ಗೊತ್ತಾಯಿತು. 1975ರ ಜೂನ್‌ನಲ್ಲಿ ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಅಲ್ಲೇ ಬಂಧಿಸಿ ಸೆಂಟ್ರಲ್ ಜೈಲಿಗೆ ಹಾಕಲಾಯಿತು. ಅವರು ಕರ್ನಾಟಕ ಹೈಕೋರ್ಟ್‌ಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ದೇಶದ ಹಲವು ಹೈಕೋರ್ಟ್‌ಗಳು ಇಂಥ ಅರ್ಜಿಗಳನ್ನು ಕೇಳಬಹುದು ಎಂದವು. ಆದರೆ 1976ರ ಏಪ್ರಿಲ್ 28ರಂದು ಎಡಿಎಂ ಜಬಲ್ಪುರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 4-1 ಬಹುಮತದಿಂದ ಆ ಬಾಗಿಲನ್ನೇ ಮುಚ್ಚಿತು. 21ನೇ ವಿಧಿಯ ಜಾರಿ ಅಮಾನತಿನಲ್ಲಿರುವಾಗ ಬಂಧಿತನಿಗೆ ಕೋರ್ಟ್‌ಗೆ ಬರುವ ಹಕ್ಕಿಲ್ಲ ಎಂದಿತು. ಒಪ್ಪದಿದ್ದವರು ನ್ಯಾ. ಎಚ್.ಆರ್. ಖನ್ನಾ ಒಬ್ಬರೇ. ಮರುವರ್ಷ ಅವರ ಹಿರಿತನ ಕಡೆಗಣಿಸಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಅವರು ರಾಜೀನಾಮೆ ಕೊಟ್ಟರು.

ಇಲ್ಲಿ ಸೋತಿದ್ದು ರಾವ್ ಅವರ ಲೆಕ್ಕಾಚಾರದ ಒಂದು ಭಾಗ. ಕೋರ್ಟ್‌ಗಿಂತ ಶಾಸನಸಭೆ ಜನರಿಗೆ ಹತ್ತಿರ ಎಂದು ಅವರು ನಂಬಿದ್ದರು. ವಿರೋಧ ಪಕ್ಷದ ನಾಯಕರೇ ಜೈಲಿನಲ್ಲಿದ್ದರೆ ಶಾಸನಸಭೆಯಲ್ಲಿ ಉಳಿಯುವ ದನಿ ಯಾವುದು ಎಂಬ ಪ್ರಶ್ನೆಗೆ ಅವರ ಸೂತ್ರದಲ್ಲಿ ಉತ್ತರವಿರಲಿಲ್ಲ.

ತಿರುವು ಸಿಕ್ಕಿದ್ದು 1978ರ ಜನವರಿ 25ರಂದು. ಮೇನಕಾ ಗಾಂಧಿ ಅವರ ಪಾಸ್‌ಪೋರ್ಟನ್ನು ಕಾರಣ ಹೇಳದೆ ವಶಪಡಿಸಿಕೊಂಡ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ ಎಂದರೆ ಹೇಗೋ ಒಂದು ಕಾರ್ಯವಿಧಾನ ಅಲ್ಲ, ಅದು ನ್ಯಾಯಯುತವೂ ಸಮಂಜಸವೂ ಆಗಿರಬೇಕು ಎಂದಿತು. ಸಂವಿಧಾನದ ಒಂದಕ್ಷರವನ್ನೂ ಬದಲಿಸದೆ, ರಾವ್ ಹೊರಗಿಟ್ಟಿದ್ದ ಅರ್ಥವನ್ನು ಕೋರ್ಟ್ ಒಳಗೆ ತಂದಿತು. ಅದೇ ವರ್ಷದ 44ನೇ ತಿದ್ದುಪಡಿ, ತುರ್ತು ಪರಿಸ್ಥಿತಿಯಲ್ಲೂ 21ನೇ ವಿಧಿಯನ್ನು ಅಮಾನತು ಮಾಡುವಂತಿಲ್ಲ ಎಂದು ಗಟ್ಟಿ ಮಾಡಿತು.

ಕಾಸರಗೋಡು, ಬೆಂಗಳೂರು ಮತ್ತು ತಕ್ಕಡಿ

ಸಭೆ ಒಪ್ಪದ ರಾವ್ ಅವರ ಇನ್ನೊಂದು ಸಲಹೆಯ ಕಥೆಯೂ ಕುತೂಹಲದ್ದು. 1971ರ 25ನೇ ತಿದ್ದುಪಡಿ, ಸಂಪತ್ತಿನ ನ್ಯಾಯಯುತ ಹಂಚಿಕೆಯ ಎರಡು ನಿರ್ದೇಶಕ ತತ್ವಗಳಿಗಾಗಿ ಮಾಡಿದ ಕಾನೂನುಗಳಿಗೆ ಕೆಲವು ಮೂಲಭೂತ ಹಕ್ಕುಗಳಿಂದ ರಕ್ಷಣೆ ಕೊಟ್ಟಿತು. ಇದೂ ಪರೀಕ್ಷೆಗೆ ಒಳಗಾಗಿದ್ದು ಕೇಶವಾನಂದ ಭಾರತಿ ಪ್ರಕರಣದಲ್ಲಿ. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ. ರಾವ್ ಅವರ ಕಾಲದಲ್ಲಿ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ಭಾಗ. 1973ರ ಏಪ್ರಿಲ್ 24ರ ತೀರ್ಪಿನಲ್ಲಿ 13 ನ್ಯಾಯಮೂರ್ತಿಗಳ ಪೀಠ ಆ ರಕ್ಷಣೆಯ ಮುಖ್ಯ ಭಾಗವನ್ನು ಉಳಿಸಿತು. ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಮುಟ್ಟುವಂತಿಲ್ಲ ಎಂದಿತು.

1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ ಬಂದ 42ನೇ ತಿದ್ದುಪಡಿ ಆ ರಕ್ಷಣೆಯನ್ನು ಎಲ್ಲ ನಿರ್ದೇಶಕ ತತ್ವಗಳಿಗೂ ಹಿಗ್ಗಿಸಿತು. ರಾವ್ ಸುಮಾರು ಮೂರು ದಶಕಗಳ ಹಿಂದೆ ಸೂಚಿಸಿದ್ದಕ್ಕೆ ಇದು ಬಹಳ ಹತ್ತಿರ. ಉದ್ದೇಶ, ಸಂದರ್ಭ ಮಾತ್ರ ಬೇರೆ. ಅದನ್ನು ಸುಪ್ರೀಂ ಕೋರ್ಟ್ 1980ರಲ್ಲಿ ಹೊಡೆದು ಹಾಕಿದ್ದು ಮಿನರ್ವಾ ಮಿಲ್ಸ್ ಪ್ರಕರಣದಲ್ಲಿ. ಅದು ಬೆಂಗಳೂರಿನ ಬಟ್ಟೆ ಗಿರಣಿ. ಮೂಲಭೂತ ಹಕ್ಕು ಮತ್ತು ನಿರ್ದೇಶಕ ತತ್ವ ಎರಡರ ಸಮತೋಲನದ ಮೇಲೆಯೇ ಸಂವಿಧಾನ ನಿಂತಿದೆ, ಒಂದಕ್ಕೆ ಪೂರ್ತಿ ಮೇಲುಗೈ ಕೊಟ್ಟರೆ ಅದು ಕುಸಿಯುತ್ತದೆ ಎಂಬುದು ಬಹುಮತದ ನಿಲುವು.

ಹಾಗಾದರೆ ರಾವ್ ತಪ್ಪು ಮಾಡಿದರೇ? ಅಷ್ಟು ಸರಳವಾಗಿ ಹೇಳಲಾಗದು. ಜಮೀನ್ದಾರಿ ಕಾನೂನಿಗೆ ಕೋರ್ಟ್ ಅಡ್ಡ ಬರಬಹುದು ಎಂಬ ಅವರ ಭಯ ಒಂದೇ ವರ್ಷದಲ್ಲಿ ನಿಜವಾಯಿತು. ಭೂಸುಧಾರಣೆಯಿಂದ ಜಮೀನು ಪಡೆದ ಲಕ್ಷಾಂತರ ಗೇಣಿದಾರರ ಮನೆಗಳಲ್ಲಿ ಆ ಭಯಕ್ಕೆ ಅರ್ಥವಿದೆ. ಆದರೆ ಶಾಸನಸಭೆಯ ಮೇಲೆ ಅವರಿಟ್ಟ ನಂಬಿಕೆಗೆ 1975ರಲ್ಲಿ ಪೆಟ್ಟು ಬಿತ್ತು. ಬಡವನಿಗೆ ಭೂಮಿ ಕೊಡಿಸಲು ಮಾಡಿಕೊಟ್ಟ ಸಡಿಲಿಕೆಯೇ ನಾಗರಿಕನನ್ನು ಜೈಲಿನಲ್ಲಿಡಲೂ ನೆಪವಾಯಿತು. ಆಸ್ತಿಯ ವಿಚಾರದಲ್ಲಿ ಸರ್ಕಾರಕ್ಕೆ ಕೈ ಬಿಡಿಸಿಕೊಟ್ಟು, ಮನುಷ್ಯನ ಸ್ವಾತಂತ್ರ್ಯದ ವಿಚಾರದಲ್ಲಿ ಕೋರ್ಟ್‌ಗೆ ಅಧಿಕಾರ ಕೊಡುವ ನಡುದಾರಿಯನ್ನು ಕಂಡುಕೊಳ್ಳಲು ದೇಶಕ್ಕೆ ಮೂರು ದಶಕ ಬೇಕಾಯಿತು.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿ, ಎಡಿಎಂ ಜಬಲ್ಪುರ್ ತೀರ್ಪನ್ನು ಅಧಿಕೃತವಾಗಿ ತಳ್ಳಿಹಾಕಿತು. ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿಗೂ ಆಧಾರ 21ನೇ ವಿಧಿಯೇ. ಆದರೆ ಖಾಸಗಿತನಕ್ಕೂ ಮಿತಿಯಿದೆ ಎಂದು ಪೀಠ ಹೇಳಿತು. ಸರ್ಕಾರ ಅದನ್ನು ಮೊಟಕುಗೊಳಿಸಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಕ್ರಮ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು.

ಕಾನೂನಿರಬೇಕು ಎಂಬ ಮೊದಲ ಷರತ್ತು ರಾವ್ ಬಯಸಿದ್ದು. ಉಳಿದ ಎರಡು, ಅವರು ಕೋರ್ಟ್‌ಗೆ ಬಿಟ್ಟುಕೊಡಲು ಹಿಂಜರಿದಿದ್ದವು. ಇಂದು ಬಂಧಿತನೊಬ್ಬನ ಅರ್ಜಿ ವಿಚಾರಣೆಗೆ ಬಂದಾಗ ನ್ಯಾಯಾಧೀಶರು ಈ ಮೂರನ್ನೂ ಕೇಳುತ್ತಾರೆ.